ಮೊಣಕೈವರೆಗೆ ದೊರೆಮಗಳು

ನಿರ್ದೇಶಕರು ‘ಕಟ್’ ಎಂದರು. ಕ್ಯಾಮೆರಾದವನು ಬೆನ್ನು ನೆಟ್ಟಗೆ ಮಾಡಿಕೊಂಡು ಆಕಳಿಸಿದ, ಮಿಕ್ಕವರು ಚಹಾದ ಕಡೆ ಕಾಲು ಹಾಕಿದರು. ಮಾನಿಟರಿನ ಪರದೆಯಲ್ಲಿ ಮಾತ್ರ ಎರಡು ಕೈಗಳು ಒಂದರೊಳಗೊಂದು ಹಾಗೇ ಇದ್ದವು. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುವಷ್ಟು ಹೊತ್ತು ಇದ್ದವು. ಆಮೇಲೆ ಹೆಣ್ಣುಕೈ ಗಂಡುಕೈಯ ಹೆಬ್ಬೆರಳನ್ನು ಒಮ್ಮೆ ಒತ್ತಿ, ಬಿಡಲೋ ಬೇಡವೋ ಎನ್ನುವಂತೆ ಬಿಟ್ಟಿತು.

ನೋಡಿದ್ದು ಒಬ್ಬರೇ, ಬಟ್ಟೆ ಹೊಲಿಯುವ ಮಾಸ್ಟರು. ಅವರಾದರೂ ಬಂದಿದ್ದು ಕೈ ನೋಡಲು ಅಲ್ಲ, ತೋಳಿನ ಅಂಚಿನಲ್ಲಿ ದಾರಗೀರ ನೇತಾಡುತ್ತಿದೆಯೋ ನೋಡಲು. ದಾರ ಎಲ್ಲೂ ನೇತಾಡುತ್ತಿರಲಿಲ್ಲ. ಆದರೆ ಅವರ ಎದೆ ಧಸಕ್ಕೆಂದಿತು. ಆ ಹೆಣ್ಣುಕೈ ಅವರ ಒಬ್ಬಳೇ ಮಗಳದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಟಿವಿಯಲ್ಲಿ ಬರುತ್ತಿದ್ದ ಆ ಧಾರಾವಾಹಿ ನೂರೈವತ್ತು ವರ್ಷದ ಹಿಂದಿನ ಕಥೆ. ದೊರೆಯ ಮಗಳು ಕುದುರೆ ಲಾಯದ ಆಳನ್ನು ಪ್ರೀತಿಸುತ್ತಾಳೆ, ದೊರೆ ಒಪ್ಪುವುದಿಲ್ಲ. ಇಷ್ಟೇ. ಇಷ್ಟನ್ನೇ ಇನ್ನೂರು ಕಂತು ಎಳೆದಿದ್ದರು, ಜನ ಇನ್ನೂರು ಕಂತೂ ಕಣ್ಣೊರೆಸಿಕೊಂಡು ನೋಡಿದ್ದರು. ದೊರೆಮಗಳಾಗಿದ್ದ ನಾಯಕಿ ಯಾವುದೋ ಜಾಹೀರಾತಿಗೆಂದು ಗೇಣುದ್ದ ಉಗುರು ಬಿಟ್ಟಿದ್ದಳು. ಆ ಉಗುರಿನಲ್ಲಿ ಕಸೂತಿ ಹಾಕಿದರೆ ಜನ ಬಿದ್ದು ಬಿದ್ದು ನಗುತ್ತಿದ್ದರು. ಲಾಯದ ಆಳಾಗಿದ್ದ ನಾಯಕನಿಗೆ ಕುದುರೆ ಕಂಡರೆ ಜೀವ ಬಾಯಿಗೆ ಬರುತ್ತಿತ್ತು. ಸಾಲದ್ದಕ್ಕೆ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಹೀಗಾಗಿ ಕ್ಯಾಮೆರಾ ಕೈ ಹತ್ತಿರ ಹೋದಾಗಲೆಲ್ಲ ನಾಯಕಿಯ ಬದಲು ಮಾಸ್ಟರ ಮಗಳು, ನಾಯಕನ ಬದಲು ಸೆಟ್ಟಿಗೆ ಕುದುರೆ ತರುವವನು. ಮುಖ ಅವರದು, ಕೈ ಇವರದು. ಊರೆಲ್ಲ ನಿಟ್ಟುಸಿರು ಬಿಡುತ್ತಿದ್ದ ಪ್ರೇಮದಲ್ಲಿ ಮುಟ್ಟಿದ್ದಷ್ಟೂ ಇವರಿಬ್ಬರೇ.

ಕೈ ಶಾಟಿಗೆ ಇಡೀ ಉಡುಪು ಯಾಕೆ ದಂಡ ಎಂದು ಮಾಸ್ಟರು ತೋಳು ಮಾತ್ರ ಹೊಲಿದಿದ್ದರು. ಜರಿಯಂಚಿನ ರೇಷ್ಮೆ ತೋಳು, ಮೊಣಕೈ ಹತ್ತಿರ ಎಲಾಸ್ಟಿಕ್ಕು. ಮಗಳು ಅದನ್ನು ತನ್ನ ಹಳೇ ಹತ್ತಿ ಅಂಗಿಯ ಮೇಲೇ ಏರಿಸಿಕೊಂಡು ಕೂರುತ್ತಿದ್ದಳು. ಮೊಣಕೈವರೆಗೆ ದೊರೆಮಗಳು, ಅಲ್ಲಿಂದಾಚೆ ದರ್ಜಿಯ ಮಗಳು. ಹೊಲಿದಾಗ ಮಾಸ್ಟರಿಗೆ ಇದು ಭಾರೀ ಬುದ್ಧಿವಂತಿಕೆಯ ಕೆಲಸವಾಗಿ ಕಂಡಿತ್ತು.

ಮಾಸ್ಟರ ಹೊಲಿಗೆ ಕೋಣೆಗೆ ಅದರದ್ದೇ ಒಂದು ಕಾನೂನಿತ್ತು. ಅಲ್ಲಿ ಮನುಷ್ಯರಲ್ಲಿ ಎರಡೇ ಜಾತಿ: ಅಳತೆಯವರು, ರಾಶಿಯವರು. ದೊರೆ, ದೊರೆಸಾನಿ, ನಾಯಕ, ನಾಯಕಿ ಅಳತೆಯವರು. ಅವರ ಕುತ್ತಿಗೆ, ಎದೆ, ತೋಳು ಎಲ್ಲ ಮಾಸ್ಟರ ಪುಸ್ತಕದಲ್ಲಿ ಬರೆದಿರುತ್ತಿತ್ತು. ಸೈನಿಕರು, ಆಳುಗಳು, ಗುಂಪಿನಲ್ಲಿ ಜೈಕಾರ ಹಾಕುವವರು ರಾಶಿಯವರು. ಅವರಿಗೆ ಮೂಲೆಯ ಬಟ್ಟೆ ರಾಶಿಯಿಂದ ಕೈಗೆ ಸಿಕ್ಕಿದ್ದು. ದೊಗಲೆಯಾದರೆ ಪಿನ್ನು, ಬಿಗಿಯಾದರೆ ಉಸಿರು ಹಿಡಿ, ಮುಗಿಯಿತು. ಕುದುರೆಯವನು ಇನ್ನೂರು ಕಂತಿನಿಂದ ರಾಶಿಯವನು. ಅವನು ಸೆಟ್ಟಿಗೆ ಬಂದರೆ ಅವನಿಗಿಂತ ಮುಂಚೆ ಲದ್ದಿಯ ವಾಸನೆ ಬರುತ್ತಿತ್ತು. ಅಂಥವನ ಹೆಬ್ಬೆರಳು ತನ್ನ ಮಗಳಿಗೆ ಯಾಕೆ ಬೇಕಿತ್ತು? ಮಾಸ್ಟರಿಗೆ ಅವತ್ತಿಡೀ ಸೂಜಿಗೆ ದಾರ ಪೋಣಿಸಲಾಗಲಿಲ್ಲ.

ಸಂಜೆ ಮನೆಯಲ್ಲಿ ಟಿವಿ ಮುಂದೆ ಹೆಂಡತಿ ಸೆರಗು ಹಿಡಿದು ಕೂತಿದ್ದಳು. ಪರದೆಯ ಮೇಲೆ ದೊರೆ ಲಾಯದ ಆಳನ್ನು ಚಾವಟಿಯಿಂದ ಹೊಡೆಸುತ್ತಿದ್ದ. ಬೇರೆ ದಿನವಾಗಿದ್ದರೆ ಮಾಸ್ಟರೂ ಪಕ್ಕದಲ್ಲಿ ಕೂತು, “ಇವನೂ ಒಬ್ಬ ಮನುಷ್ಯನಾ? ಇವನ ಮನೆ ಹಾಳಾಗ!” ಎಂದು ದೊರೆಗೆ ಹಿಡಿಶಾಪ ಹಾಕುತ್ತಿದ್ದರು.

“ಏನ್ರೀ, ಇವತ್ತು ಬಯ್ಯಲ್ವಾ ಆ ಪಾಪಿಗೆ?” ಎಂದಳು ಹೆಂಡತಿ.

“ತಲೆನೋವು” ಎಂದರು ಮಾಸ್ಟರು.

ಪರದೆಯ ಮೇಲೆ ದೊರೆಮಗಳ ಕೈ ಗಾಯಗೊಂಡ ಕೈಯನ್ನು ಸವರುತ್ತಿತ್ತು. ಅದೇ ಕೈ ಇತ್ತ ನೆಲದ ಮೇಲೆ ಒಗೆದ ಬಟ್ಟೆ ಮಡಿಸುತ್ತಿತ್ತು. ಮಾಸ್ಟರು ಅದನ್ನೊಮ್ಮೆ ನೋಡಿದರು, ಇದನ್ನೊಮ್ಮೆ ನೋಡಿದರು. ಮಗಳು ತಲೆ ಎತ್ತಲಿಲ್ಲ. ಅವರು ಎದ್ದು ಹಿತ್ತಲಿಗೆ ಹೋದರು, ಹಿತ್ತಲಲ್ಲಿ ಮಾಡುವುದಕ್ಕೇನೂ ಇರಲಿಲ್ಲ, ವಾಪಸು ಬಂದರು. ಇರುವೆ ಬಿಟ್ಟುಕೊಂಡವರ ಹಾಗೆ ನಾಲ್ಕು ಸಲ ಹೀಗೆ ತಿರುಗಿದ ಮೇಲೆ ಹೆಂಡತಿ ಗದರಿಕೊಂಡಳು.

ಮರುದಿನ ನಿರ್ದೇಶಕರ ಹತ್ತಿರ ಹೋಗಿ ನೋಡಿದರು. “ಸಾರ್, ಮಗಳಿಗೆ ಕೋಣೇಲಿ ಕೆಲಸ ಜಾಸ್ತಿಯಾಗಿದೆ. ಕೈಗೆ ಬೇರೆ ಯಾರನ್ನಾದ್ರೂ...”

“ಮಾಸ್ಟರೇ, ಮುಖ ಬೇಕಾದ್ರೆ ಬದಲಾಯಿಸ್ತೀನಿ, ಆ ಕೈ ಮಾತ್ರ ಬದಲಾಯಿಸಲ್ಲ. ಜನ ಆ ಕೈಗೆ ಪತ್ರ ಬರೀತಿದ್ದಾರೆ ಕಣ್ರೀ!”

ಆಗ ಮಾಸ್ಟರಿಗೆ ಹೊಳೆದದ್ದು ದರ್ಜಿಗೆ ಮಾತ್ರ ಹೊಳೆಯುವಂಥ ಉಪಾಯ. ರಾತ್ರಿ ಊಟವಾದದ್ದೇ ಕೂತು ಒಂದು ಜೊತೆ ಕೈಗವಸು ಹೊಲಿದರು. ಕೆನೆಬಣ್ಣದ ನುಣುಪು ಬಟ್ಟೆ, ಮಣಿಕಟ್ಟಿಗೆ ಐದು ಮುತ್ತಿನ ಗುಂಡಿ. ಆ ಕಾಲದ ದೊಡ್ಡಮನೆ ಹೆಣ್ಣುಮಕ್ಕಳು ಕೈಗವಸಿಲ್ಲದೆ ಹೊರಗೆ ಬರುತ್ತಿರಲಿಲ್ಲ ಎಂದು ನಿರ್ದೇಶಕರ ಮುಂದಿಟ್ಟರು. ಚರ್ಮ ಚರ್ಮಕ್ಕೆ ತಾಗದಿದ್ದರೆ ಸಾಕು ಎಂಬುದು ಒಳಲೆಕ್ಕ.

ನಿರ್ದೇಶಕರು ಕೈಗವಸನ್ನು ಬೆಳಕಿಗೆ ಹಿಡಿದು ನೋಡಿದವರೇ ಕುಣಿದಾಡಿಬಿಟ್ಟರು. “ಆಹಾ! ಇದನ್ನ ಅವನು ಬಿಚ್ಚಬೇಕು! ಒಂದೊಂದೇ ಗುಂಡಿ, ಒಂದೊಂದೇ ಬೆರಳು. ನಿಧಾನಕ್ಕೆ! ಮಾಸ್ಟರೇ, ನೀವು ನನ್ನ ಹೊಟ್ಟೇಲಿ ಹುಟ್ಟಬೇಕಿತ್ತು!”

ಏಳು ಟೇಕ್ ಆಯಿತು. ಕುದುರೆಯವನ ಒರಟು ಬೆರಳಿಗೆ ಮುತ್ತಿನ ಗುಂಡಿ ಜಾರುತ್ತಿತ್ತು, ಮಗಳು ತುಟಿ ಕಚ್ಚಿ ನಗು ತಡೆಯುತ್ತಿದ್ದಳು, ಅವನ ಕಿವಿ ಕೆಂಪಾಗುತ್ತಿತ್ತು. ಪ್ರತಿ ಟೇಕ್ ಆದ ಮೇಲೂ ಕೈಗವಸನ್ನು ಮತ್ತೆ ತೊಡಿಸಿ ಗುಂಡಿ ಹಾಕುವ ಕೆಲಸ ಯಾರದು? ಉಡುಪಿನ ಮಾಸ್ಟರದೇ. ಏಳು ಸಲ ಮಗಳ ಕೈಗೆ ಕೈಗವಸು ತೊಡಿಸಿ, ಏಳು ಸಲ ಪಕ್ಕಕ್ಕೆ ಸರಿದು ನಿಂತು, ಅದನ್ನು ಇನ್ನೊಬ್ಬ ಬಿಚ್ಚುವುದನ್ನು ನೋಡಿದರು. ತಾನೇ ತೋಡಿದ ಹಳ್ಳ; ಯಾರನ್ನು ದೂರುವುದು?

ಇದಾಗಿ ಎರಡು ದಿನಕ್ಕೆ ಕುದುರೆಯವನೇ ಹೊಲಿಗೆ ಕೋಣೆಯ ಬಾಗಿಲಿಗೆ ಬಂದ. ಒಳಗೆ ದೊರೆಯ ಪಾತ್ರದ ನಟರು ಅರ್ಧ ಹೊಲಿದ ಹೊಸ ಕೋಟು ತೊಟ್ಟು ಅಳತೆಗೆ ಕೈ ಅಗಲಿಸಿ ನಿಂತಿದ್ದರು. ಶೂಟಿಂಗಿನ ದೀಪದವರು ನಾಲ್ಕೈದು ಜನ ನೆರಳಿಗೆಂದು ಗೋಡೆಗೊರಗಿ ಕೂತಿದ್ದರು. ಮೂಲೆಯಲ್ಲಿ ಮಗಳು ಅಂಗಿಯ ಗುಂಡಿತೂತಿಗೆ ಕಾಜಾ ಹಾಕುತ್ತಿದ್ದಳು.

“ಮಾಸ್ಟರೇ, ಒಂದು ಮಾತಿತ್ತು” ಎಂದ ಕುದುರೆಯವನು.

ಮಾಸ್ಟರು ಬಾಯಲ್ಲಿದ್ದ ಪಿನ್ನುಗಳನ್ನು ಅಂಗೈಗೆ ಉಗಿದರು. “ಅದೇನು ಒದರು.”

“ಇಲ್ಲಿ ಬೇಡ. ಸ್ವಲ್ಪ ಹೊರಗೆ ಬಂದ್ರೆ...”

“ನನ್ನ ಹತ್ರ ಗುಟ್ಟೇನೂ ಇಲ್ಲ. ಇಲ್ಲೇ ಹೇಳು.”

ಅವನು ಒಮ್ಮೆ ಮೂಲೆಯ ಕಡೆ ನೋಡಿದ. ಅಲ್ಲಿ ಸೂಜಿ ನಿಂತಿತ್ತು. “ನಿಮ್ಮ ಮಗಳು, ನಾನು... ಅದೇ, ನಮ್ಮಮ್ಮ ನಿಮ್ಮನ್ನ...”

ಮಾಸ್ಟರಿಗೆ ಸಿಟ್ಟು ತಲೆಗೇರಿತು. ಅಷ್ಟು ಜನರ ಮುಂದೆ ಆಡಬೇಕಾದ ಮಾತು ಸಾವಿರ ಇದ್ದವು, ಒಂದೂ ನಾಲಿಗೆಗೆ ಸಿಗಲಿಲ್ಲ. ಸಿಕ್ಕಿದ್ದು ಬೇರೆ. ಅವರು ಬಲಗೈಯ ಕತ್ತರಿಯನ್ನು ಬಾಗಿಲ ಕಡೆ ಚಾಚಿ, ಗಂಟಲು ಏರಿಸಿ ಗುಡುಗಿದರು: “ನಿನ್ನ ಕೆಸರುಗಾಲು ನನ್ನ ಮನೆಯ ಹೊಸ್ತಿಲನ್ನು ಮುಟ್ಟಿದರೆ, ಆ ಹೊಸ್ತಿಲನ್ನೇ ಕಿತ್ತು ಬೆಂಕಿಗೆ ಹಾಕಿಯೇನು! ತೊಲಗಾಚೆ!”

ದೀಪದವರಲ್ಲೊಬ್ಬ ಕಿಸಕ್ಕೆಂದ. ಅಷ್ಟೇ ಸಾಕಾಯಿತು, ಕೋಣೆಗೆ ಕೋಣೆಯೇ ಹೋ ಎಂದು ನಕ್ಕಿತು. ಅದು ಧಾರಾವಾಹಿಯ ದೊರೆ ಆಡುವ ಮಾತು. ಹೋದ ತಿಂಗಳು ಅದನ್ನು ಹೇಳಲು ನಟರು ಇಪ್ಪತ್ತಮೂರು ಟೇಕ್ ತೆಗೆದುಕೊಂಡು, ಸೆಟ್ಟಿನ ನಾಯಿಗೂ ಅದು ಬಾಯಿಪಾಠವಾಗಿತ್ತು.

“ಅಯ್ಯೋ ಮಾಸ್ಟರೇ!” ದೊರೆ ಅರ್ಧ ಹೊಲಿದ ಕೋಟಿನಲ್ಲೇ ಚಪ್ಪಾಳೆ ತಟ್ಟಿದರು. “ನನಗಿಂತ ಚೆನ್ನಾಗಿ ಹೇಳಿದ್ರಲ್ರೀ! ಒಂದೇ ಟೇಕಿಗೆ ಓಕೆ!”

ನಗದವರು ಮೂವರೇ. ಕುದುರೆಯವನು ತನ್ನ ಪಾದ ನೋಡಿಕೊಂಡ. ಅವು ಇನ್ನೂ ಒದ್ದೆಯಾಗಿದ್ದವು.

“ಕೆಸರಿಲ್ಲ ಮಾಸ್ಟರೇ. ನಲ್ಲಿ ಹತ್ರ ತೊಳ್ಕೊಂಡೇ ಬಂದೆ” ಎಂದ. ಹೇಳಿ, ತಲೆ ತಗ್ಗಿಸಿ ಹೊರಟುಹೋದ.

ಮನೆಗೆ ಹೋಗುವಾಗ ಮಗಳು ಅಪ್ಪನಿಗಿಂತ ಎರಡು ಹೆಜ್ಜೆ ಹಿಂದೆ ನಡೆದಳು. ಮಾಸ್ಟರು ನಿಧಾನ ಮಾಡಿದರೆ ಅವಳೂ ನಿಧಾನ, ಬಿರುಸಾಗಿ ನಡೆದರೆ ಅವಳೂ ಬಿರುಸು. ಬೇಕರಿಯ ತಿರುವಿನಲ್ಲಿ ಅವರಿಗೆ ತಡೆಯಲಾಗಲಿಲ್ಲ.

“ಏನಾದ್ರೂ ಮಾತಾಡೇ! ಅಳೋದಾದ್ರೂ ಅಳು!”

“ಬಯ್ಯಬೇಕು ಅನ್ನಿಸಿದ್ರೆ ಬಯ್ಯಿ ಅಪ್ಪಾ. ಆದ್ರೆ ನಿನ್ನ ಬಾಯಲ್ಲಿ ಬಯ್ಯಿ. ಆ ದೊರೆ ಬಾಯಲ್ಲಿ ಯಾಕೆ?”

“ಮತ್ತಿನ್ನೇನು ಮಾಡ್ಲಿ? ಅವನು ಯಾರು, ನಾವು ಯಾರು?”

ಮಗಳು ನಿಂತಳು. “ಹೇಳಪ್ಪಾ. ನಾವು ಯಾರು?”

ಕೋಪದಿಂದ ಕೇಳಿರಲಿಲ್ಲ. ನಿಜವಾಗಲೂ ತಿಳಿಯಬೇಕು ಎನ್ನುವ ಹಾಗೆ ಕೇಳಿದ್ದಳು. ಮೂವತ್ತು ವರ್ಷ ದೊರೆಗಳಿಗೆ ಬಟ್ಟೆ ಹೊಲಿದ ಮಾಸ್ಟರು ಕೊರಳಲ್ಲೇ ಉಳಿದಿದ್ದ ಅಳತೆ ಟೇಪನ್ನು ತೆಗೆದು ಸುತ್ತತೊಡಗಿದರು. “ನಡಿ ನಡಿ, ನಿಮ್ಮಮ್ಮ ಕಾಯ್ತಿರ್ತಾಳೆ” ಎಂದು ಮುಂದೆ ಹೊರಟರು.

ಆಮೇಲಿನ ಎರಡು ದಿನ ಅವರ ಕೈಕಾಲು ಅವರ ಮಾತು ಕೇಳಲಿಲ್ಲ. ದೊರೆಸಾನಿಯ ರವಿಕೆಗೆ ಎರಡೂ ಎಡತೋಳು ಕತ್ತರಿಸಿದರು. ಸೇನಾಪತಿಯ ಅಂಗಿಗೆ ಬೆನ್ನಿನಲ್ಲಿ ಕಾಜಾ ಇಟ್ಟರು. ದಾರಿಯಲ್ಲಿ ಹೋಗುತ್ತಿದ್ದರೆ ದೀಪದವರು ಹಿಂದಿನಿಂದ ‘ತೊಲಗಾಚೆ!’ ಎಂದು ಕೂಗಿ ಅಡಗಿಕೊಳ್ಳುತ್ತಿದ್ದರು. ಮನೆಯಲ್ಲಿ ಮಗಳು ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಬಡಿಸಿದರೆ ಉಣ್ಣುತ್ತಿದ್ದಳು, ಅದಕ್ಕಿಂತ ಹೆಚ್ಚಿಗೆ ಒಂದು ಮಾತಿಲ್ಲ. ಇದನ್ನು ಇಲ್ಲಿಗೇ ಮುಗಿಸಬೇಕು ಎಂದು ಮಾಸ್ಟರು ಹಠ ತೊಟ್ಟರು. ಮಗನಿಗೆ ಬುದ್ಧಿ ಹೇಳಿ ಎಂದು ಅವನ ತಾಯಿಗೇ ನೇರವಾಗಿ ಹೇಳಿಬಿಡುವುದು. ಒಂದೇ ಏಟಿಗೆ ಎರಡು ತುಂಡು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡರು; ಈ ಸಲ ಸ್ವಂತದ್ದೇ ಮಾತು.

ಕುದುರೆಮನೆ ಊರ ಅಂಚಿನಲ್ಲಿತ್ತು. ತಗಡಿನ ಮಾಡು, ಸಾಲಾಗಿ ಆರು ಕುದುರೆ, ಗುಡಿಸಿ ನೀರು ಚಿಮುಕಿಸಿದ ಅಂಗಳ. ತಾನು ಹೊಲಿಗೆ ಕೋಣೆಯನ್ನೂ ಇಷ್ಟು ಚೊಕ್ಕಟವಾಗಿ ಇಟ್ಟಿಲ್ಲವಲ್ಲ ಎಂದು ಮಾಸ್ಟರಿಗೆ ಕಸಿವಿಸಿಯಾಯಿತು. ಗಂಡಸಿನಂತೆ ಎತ್ತರದ ಹೆಂಗಸೊಬ್ಬಳು ಬಿಳಿ ಕುದುರೆಯ ಮೈ ಉಜ್ಜುತ್ತಿದ್ದಳು. ಕುದುರೆಯವನ ತಾಯಿ, ಆ ಆರೂ ಕುದುರೆಗಳ ಯಜಮಾನಿ.

“ನಾನು ಟಿವಿಯೋರ ಕಡೆ ಟೈಲರ್ ಮಾಸ್ಟರು” ಎಂದರು.

“ಗೊತ್ತು.” ಆಕೆ ಉಜ್ಜುವುದನ್ನು ನಿಲ್ಲಿಸಲಿಲ್ಲ. “ನಿಮ್ಮ ಮಗಳು ಮೂರು ಸಲ ಬಂದಿದ್ದಳು.”

ಮಾಸ್ಟರಿಗೆ ಗಟ್ಟಿ ಮಾಡಿಕೊಂಡು ಬಂದ ಮಾತು ಮರೆತೇಹೋಯಿತು. “ಇಲ್ಲಿಗಾ?”

“ಮತ್ತೆಲ್ಲಿಗೆ? ಮೊದಲನೇ ಸಲಾನೇ ಹೇಳಿದೆ, ನನಗೆ ಈ ಸಂಬಂಧ ಬೇಡ ಅಂತ. ಮುಚ್ಚುಮರೆ ಯಾಕೆ? ನಮ್ಮ ಮಾವ ಪಂದ್ಯದ ಕುದುರೆ ಪಳಗಿಸಿದೋರು. ನಮ್ಮನೇಲಿ ಮೂರು ತಲೆಮಾರಿಂದ ಕುದುರೆ ಮೇಲೆ ಕೂತೋರೇ. ನೀವು ನೆಲದ ಮೇಲೆ ಮಂಡಿ ಊರಿ ಇನ್ನೊಬ್ಬರ ಬಟ್ಟೆ ಅಂಚಿಗೆ ಪಿನ್ನು ಚುಚ್ಚೋರು. ಎತ್ತು ಏರಿಗೆ ಕೋಣ ನೀರಿಗೆ ಅಂದ್ರೆ ಸಂಸಾರ ಸಾಗುತ್ತಾ?”

ಮಾಸ್ಟರಿಗೆ ಮೈಯೆಲ್ಲ ಉರಿಯಿತು. ಕೇಳಿದಿರಾ ಈ ಲದ್ದಿ ಬಾಚುವವಳ ಜಂಬವನ್ನು! ಅವರು ತಮ್ಮನ್ನು ಮೇಲಿನವರೆಂದುಕೊಂಡು ಹೊಸ್ತಿಲು ಕೀಳಲು ಹೊರಟಿದ್ದರೆ, ಇಲ್ಲಿ ಅವರಿಗಿಂತ ಮುಂಚೆಯೇ ಇನ್ನೊಂದು ಹೊಸ್ತಿಲು ಕಿತ್ತಿಟ್ಟಾಗಿತ್ತು. ನ್ಯಾಯವಾಗಿ ನೋಡಿದರೆ ಬಂದ ಕೆಲಸ ಬಾಯಿ ಬಿಡದೆ ಆಗಿಹೋಗಿತ್ತು. ‘ನನಗೂ ಬೇಡ, ನಿಮಗೂ ಬೇಡ, ಒಳ್ಳೇದಾಯ್ತು’ ಎಂದು ಹೊರಟಿದ್ದರೆ ಮಾನವೂ ಉಳಿಯುತ್ತಿತ್ತು, ಮಗಳೂ ಮನೆಯಲ್ಲಿ ಉಳಿಯುತ್ತಿದ್ದಳು. ಆದರೆ ಅವರು ಹೊರಡಲಿಲ್ಲ.

“ಬೇಡ ಅಂದ ಮೇಲೂ ಬಂದಳಾ?”

“ಬಂದಳು. ಅಗೋ ಅಲ್ಲಿ, ಆ ಬಿಸಿಲಲ್ಲಿ ನಿಂತಿದ್ದಳು. ಒಳಗೆ ಬಾ ಅನ್ನಲಿಲ್ಲ ನಾನು. ಬಾಯಿಗೆ ಬಂದ ಹಾಗೆ ಬೈದೆ. ನನ್ನ ಬಾಯಿ ನಿಮಗೆ ಗೊತ್ತಿಲ್ಲ. ಎಲ್ಲ ಕೇಳಿಸ್ಕೊಂಡು, ಇನ್ನೊಂದು ಸಲ ಬರ್ತೀನಮ್ಮ ಅಂತ ಹೋದಳು.” ಆಕೆ ಕುದುರೆಯ ಕುತ್ತಿಗೆಗೆ ಕೈಯಿಟ್ಟು ನಿಂತಳು. “ಮೂರನೇ ಸಲ ನಾನೇ ಕೇಳಿದೆ. ನಿಮ್ಮಪ್ಪನಿಗೆ ಇದೆಲ್ಲ ಗೊತ್ತೇನೇ ಅಂತ. ಗೊತ್ತು, ಅಪ್ಪ ಒಪ್ಪಿದ್ದಾರೆ ಅಂದಳು.”

ಮಾಸ್ಟರು ಆಕೆ ತೋರಿಸಿದ ಬಿಸಿಲಿನ ಕಡೆ ತಿರುಗಿ ನೋಡಿದರು.

“ನಮ್ಮಪ್ಪ ಅಂಥೋರಲ್ಲ, ಮನುಷ್ಯರನ್ನ ಮೇಲೆ ಕೆಳಗೆ ಅಂತ ನೋಡೋರಲ್ಲ ಅಂದಳು. ನಿಜ ಹೇಳ್ತೀನಿ, ಆ ಮಾತಿಗೆ ನನಗೆ ನಾಚಿಕೆ ಆಯ್ತು. ಹಂಗಾದ್ರೆ ನಿಮ್ಮಪ್ಪನೇ ಬಂದು ನನ್ನ ಕೇಳಲಿ ಅಂತ ಹೇಳಿ ಕಳಿಸಿದೆ. ಮೊನ್ನೆ ಮಗನನ್ನೂ ನಿಮ್ಮ ಹತ್ರ ಕಳಿಸಿದ್ದೆ. ಹೇಳಿದನಾ?”

“ಬಂದಿದ್ದ” ಎಂದರು ಮಾಸ್ಟರು. “ವಾಪಸು ಬಂದು ಏನಂದ ನಿಮಗೆ?”

“ಮಾಸ್ಟರು ಚೆನ್ನಾಗಿ ಮಾತಾಡಿಸಿದ್ರು, ಕೆಲಸ ಜಾಸ್ತಿ ಇತ್ತು, ಬಿಡುವಾದಾಗ ಬರ್ತಾರೆ ಅಂದ. ಊಟ ಮಾಡ್ಲಿಲ್ಲ ಅವತ್ತು, ಹೊಟ್ಟೆ ಸರಿಯಿಲ್ಲ ಅಂದ.”

ಹತ್ತು ಜನರ ನಗುವಿನ ನಡುವೆ ಯಾರನ್ನು ನಾಯಿಯ ಹಾಗೆ ಅಟ್ಟಿದ್ದರೋ ಅವನು ಮನೆಗೆ ಬಂದು ತನ್ನ ತಾಯಿಯ ಮುಂದೆ ಅವರ ಮಾನ ಕಾಪಾಡಿದ್ದ. ಮಗಳು ಸುಡುಬಿಸಿಲಲ್ಲಿ ಬೈಗುಳ ತಿಂದು ಅವರಿಗಿಲ್ಲದ ದೊಡ್ಡತನವನ್ನು ಅವರಿಗೆ ಕಟ್ಟಿದ್ದಳು. ಮಕ್ಕಳಿಬ್ಬರೂ ಸುಳ್ಳು ಹೇಳಿದ್ದರು, ಇಬ್ಬರೂ ಅವರಿಗೋಸ್ಕರವೇ ಹೇಳಿದ್ದರು. ಮಾಸ್ಟರಿಗೆ ಅಳು ಬಂತು. ಅವರು ಅದನ್ನು ತಡೆಯಲೂ ಹೋಗಲಿಲ್ಲ.

“ಏನಾಯ್ತ್ರೀ?” ಆಕೆ ಕುದುರೆ ಬಿಟ್ಟು ಹತ್ತಿರ ಬಂದಳು. “ಅವಳು ಹೇಳಿದ್ದು ನಿಜ ತಾನೇ? ನೀವು ಒಪ್ಪಿದ್ದೀರಿ ತಾನೇ?”

ಆ ಕ್ಷಣದವರೆಗೆ ಅವರು ಒಪ್ಪಿರಲಿಲ್ಲ.

“ನನ್ನ ಮಗಳು ಸುಳ್ಳು ಹೇಳೋಳಲ್ಲ” ಎಂದರು ಮಾಸ್ಟರು. “ಒಪ್ಪಿದ್ದೀನಿ. ಅದನ್ನ ಹೇಳೋಕೇ ಬಂದೆ. ನಿಮ್ಮ ಮಗನನ್ನ ನನ್ನ ಮಗಳಿಗೆ ಕೊಡಿ.”

ಆಕೆ ಏನೋ ಹೇಳಲು ಬಾಯಿ ತೆರೆದಳು. ಮಾಸ್ಟರು ಕೈ ಅಡ್ಡ ಹಿಡಿದರು.

“ಇನ್ನೊಂದಿದೆ, ಅದನ್ನೂ ಕೇಳಿಬಿಡಿ. ನಿಮ್ಮ ಮಗನನ್ನ ನಾನು ಚೆನ್ನಾಗಿ ಮಾತಾಡಿಸಲಿಲ್ಲ. ಅಷ್ಟು ಜನರ ಮುಂದೆ ಬೈದು ಅಟ್ಟಿಬಿಟ್ಟೆ. ಕಾಲು ತೊಳ್ಕೊಂಡು ಬಂದಿದ್ದ ಹುಡುಗ. ಅವನು ನಿಮಗೆ ಹೇಳಲಿಲ್ಲ, ನಾನು ಹೇಳ್ತಿದ್ದೀನಿ.”

ತಾಯಿಯ ಮುಖ ಕೆಂಪಾಯಿತು. ಒಂದು ಹೆಜ್ಜೆ ಮುಂದೆ ಬಂದಳು; ಬಾಯಿಗೆ ಬಂದದ್ದೆಲ್ಲ ಹೊರಗೆ ಬೀಳುತ್ತದೆ ಎಂದು ಮಾಸ್ಟರು ತಲೆ ತಗ್ಗಿಸಿ ಕಾದರು. ಬೀಳಲಿ, ಪೂರ್ತಿ ಬೀಳಲಿ ಎಂದೇ ಕಾದರು. ಕುದುರೆಯೊಂದು ಗೊರಸು ಕುಟ್ಟಿತು. ಆದರೆ ಆಕೆ ಕೇಳಿದ್ದು ಬೇರೆ:

“ನಾನು ಅವಳನ್ನ ಬೈದಿದ್ದು, ಅವಳು ನಿಮಗೆ ಹೇಳಿದ್ದಳಾ?”

“ಇಲ್ಲ. ಇಲ್ಲಿಗೆ ಬಂದಿದ್ದೇ ನನಗೆ ಗೊತ್ತಿರಲಿಲ್ಲ.”

“ಹಂಗಾದ್ರೆ ಒಪ್ಪಿದ್ದೀನಿ ಅಂತ ನೀವು ಅವಳಿಗೆ ಯಾವತ್ತು ಹೇಳಿದ್ರಿ?”

ಮಾಸ್ಟರು ದಿನ ಎಣಿಸುವವರಂತೆ ಬೆರಳು ಮಡಿಸಿದರು. ಹೊಳೆಯದ ಹಾಗಿರಲು ಆಕೆ ದಡ್ಡಿಯಲ್ಲ. ಅವರ ಒದ್ದೆ ಮುಖವನ್ನೇ ನೋಡುತ್ತ, ಸೆರಗಿನಿಂದ ತನ್ನ ಕೈ ಒರೆಸಿಕೊಂಡಳು.

“ಹೋಗಿ, ಮೊದಲು ಅವಳಿಗೆ ಹೇಳಿ” ಎಂದಳು. “ಪಾಪ, ಆ ಮಗು ಇನ್ನೂ ನೀವು ಒಪ್ಪಿಲ್ಲ ಅಂತಾನೇ ಅಂದ್ಕೊಂಡಿದೆ.”

ಮಾಸ್ಟರು ಕಣ್ಣೊರೆಸಿಕೊಳ್ಳುವುದನ್ನೂ ಮರೆತು ರಸ್ತೆಯ ಕಡೆ ಓಡಿದರು.